ಉಪ್ಪಿನ ಹೆಬ್ಬೆಟ್ಟು

ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರೆ. ನನಗೆ ಎರಡೂ ಒಂದೇ ಅಡುಗೆಮನೆಯಲ್ಲಿ ಸಿಕ್ಕಿದವು. ಅದಕ್ಕೇ ಇವೆರಡರ ವಿಷಯದಲ್ಲಿ ಯಾರಾದರೂ ಬಾಯಿಗೆ ಬಂದದ್ದು ಹೇಳಿದರೆ ನನಗೆ ಮೈ ಉರಿಯುತ್ತದೆ. ಗಾಜಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನಗೆ ಪಟಾಕಿ ಎಂದು ಹೆಸರು. ಎದುರಿಗೆ ಹಾಗೆ ಕರೆಯುವ ಧೈರ್ಯ ಇಬ್ಬರಿಗೋ ಮೂವರಿಗೋ ಇದೆ, ಉಳಿದವರದು ಏನಿದ್ದರೂ ಬೆನ್ನ ಹಿಂದೆ. ಇಪ್ಪತ್ತೆರಡು ವರ್ಷದಿಂದ ನಾನು ಅಲ್ಲಿ ಮುಖ್ಯ ಅಡುಗೆಯವಳು. ನನಗಿಂತ ಮೊದಲು ಆ ಸೌಟು ಹಿಡಿದಿದ್ದವಳು ನನ್ನ ಅಮ್ಮ.

ನಮ್ಮ ಕ್ಯಾಂಟೀನಿನ ಊಟವನ್ನು ನೀವೂ ಉಂಡಿರಬಹುದು, ಯಾಕೆಂದರೆ ಈಗ ಊರಿನ ಯಾವ ಹೋಟೆಲಿಗೆ ಹೋದರೂ ಅದು ಸಿಗುತ್ತದೆ. ಒಂದು ಬಟ್ಟಲು ಬೇಳೆ ಸೂಪು. ಅದರಲ್ಲಿ ಉಪ್ಪು ಒಂದು ಹರಳೂ ಇರುವುದಿಲ್ಲ. ಪಕ್ಕದಲ್ಲಿ ದಪ್ಪನೆಯ ಒಂದು ಬ್ರೆಡ್ಡಿನ ಹೋಳು. ಬಡಿಸುವವಳು ಹೆಬ್ಬೆಟ್ಟನ್ನು ನೀರಿಗೆ ಅದ್ದಿ, ಉಪ್ಪಿಗೆ ಒತ್ತಿ, ಬ್ರೆಡ್ಡಿನ ನಡುವೆ ಒಂದು ಗುರುತು ಒತ್ತುತ್ತಾಳೆ. ಆ ಗುರುತನ್ನು ಕೆಳಗೆ ಮಾಡಿ ಸೂಪಿನಲ್ಲಿ ಅದ್ದಿ ಅದ್ದಿ ತಿನ್ನಬೇಕು. ಕುಲುಮೆಯ ಮುಂದೆ ನಿಂತು ಬೆವರು ಸುರಿಸುವವರು ಎರಡು ಹೆಬ್ಬೆಟ್ಟು ಕೇಳುತ್ತಾರೆ, ಪ್ಯಾಕಿಂಗ್ ವಿಭಾಗದ ಹೆಂಗಸರಿಗೆ ಒಂದು ಸಾಕು. ಗೇಟಿನ ಕಾವಲುಗಾರನಿಗೆ ಬಿ.ಪಿ. ಇರುವುದರಿಂದ ಅವನಿಗೆ ಕಿರುಬೆರಳು.

ಕಾರ್ಖಾನೆಯ ಗಂಡಸರು ಮೊದಲು ಇದನ್ನು ಮನೆಗೆ ಒಯ್ದರು. ಹೆಂಡಂದಿರಿಗೆ ಬಹಳ ಹಿಡಿಸಿತು. ಉಪ್ಪಿಲ್ಲ ಎಂದು ತಟ್ಟೆ ತಳ್ಳುವ ಹಾಗಿಲ್ಲ, ಹೆಚ್ಚಾಯಿತು ಎಂದು ಮುಖ ಸಿಂಡರಿಸುವ ಹಾಗೂ ಇಲ್ಲ. ಬೇಕಾದಷ್ಟು ಅದ್ದಿಕೊಳ್ಳಪ್ಪ ಮಹಾರಾಯ ಎಂದರೆ ಮುಗಿಯಿತು. ಎಷ್ಟೋ ಸಂಸಾರಗಳ ಜಗಳವನ್ನು ನಮ್ಮ ಕ್ಯಾಂಟೀನು ನಿಲ್ಲಿಸಿದೆ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಆಮೇಲೆ ಸಣ್ಣ ಹೋಟೆಲುಗಳು ಕಲಿತವು, ಅವನ್ನು ನೋಡಿ ದೊಡ್ಡ ಹೋಟೆಲುಗಳು. ಮನೆಗೆ ನೆಂಟರು ಬಂದರೆ ಮೊದಲ ಹೆಬ್ಬೆಟ್ಟು ಮನೆಯ ಹಿರಿಯರೇ ಒತ್ತಬೇಕು ಎಂಬ ಪದ್ಧತಿ ಯಾವಾಗ ಬಂತೋ ನನಗೂ ಗೊತ್ತಿಲ್ಲ. ಬಸ್ ನಿಲ್ದಾಣದ ಹತ್ತಿರದ ದೊಡ್ಡ ಹೋಟೆಲಿನಲ್ಲಂತೂ ಬಡಿಸುವವರ ಕೈ ತಾಗಬಾರದೆಂದು ಮರದಲ್ಲಿ ಒಂದು ಹೆಬ್ಬೆಟ್ಟು ಕೆತ್ತಿಸಿ ಇಟ್ಟುಕೊಂಡಿದ್ದಾರೆ. ಉಗುರು ಸಮೇತ ಕೆತ್ತಿಸಿದ್ದಾರೆ. ಅದನ್ನು ನೋಡಿದ ದಿನ ಅಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು.

ಇದು ಹುಟ್ಟಿದ್ದು ಹೇಗೆ ಎಂದು ಕೇಳಿ ನೋಡಿ, ಬಾಯಿಗೊಂದು ಕಥೆ. ಹಡಗಿನವರು ತಂದದ್ದು ಎನ್ನುವವರಿದ್ದಾರೆ. ಯಾವುದೋ ರಾಣಿ ಯುದ್ಧಕ್ಕೆ ಹೊರಟ ಸೈನಿಕರಿಗೆ ಕೈಯಾರೆ ಬಡಿಸಿದ್ದು ಎನ್ನುವವರಿದ್ದಾರೆ. ಆ ದೊಡ್ಡ ಹೋಟೆಲಿನ ಮೆನುವಿನಲ್ಲಿ ನಾನ್ನೂರು ವರ್ಷಗಳ ಪರಂಪರೆ ಎಂದು ಅಚ್ಚು ಹಾಕಿಸಿದ್ದಾರೆ. ನಾನ್ನೂರಂತೆ! ಅದು ಹುಟ್ಟಿದ ದಿನ ನನಗೆ ಹತ್ತು ವರ್ಷ, ಈಗ ಐವತ್ತಾರು. ನನ್ನ ಮುಖ ನೋಡಿದರೆ ನಾನ್ನೂರು ವರ್ಷ ಆದವಳ ಹಾಗೆ ಕಾಣುತ್ತೇನೆಯೇ?

ಈ ವರ್ಷ ಕಾರ್ಖಾನೆಗೆ ಎಪ್ಪತ್ತೈದು ತುಂಬಿತು. ಹಳೆಯ ಯಜಮಾನರ ಮೊಮ್ಮಗನನ್ನು ನಾವು ಚಿಕ್ಕ ಯಜಮಾನರು ಎನ್ನುತ್ತೇವೆ. ಅವರು ಒಂದು ಪುಸ್ತಕ ತರಲು ಹೊರಟರು. ಅದರಲ್ಲಿ ಊಟದ ಅಧ್ಯಾಯ ಬರೆಯುವುದಕ್ಕೆ ಒಬ್ಬ ಪ್ರೊಫೆಸರ್ ಮೇಡಂ ಬಂದರು. ತಿಂಡಿ ಊಟಗಳ ಚರಿತ್ರೆಯನ್ನೇ ಓದಿಕೊಂಡವರಂತೆ. ತಿನ್ನುವುದಕ್ಕೂ ಓದಬೇಕೇ ಎಂದು ನನಗೆ ಮೊದಲು ನಗು ಬಂತು. ಆಮೇಲೆ ಅವರು ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದ ರೀತಿ ನೋಡಿ, ಪರವಾಗಿಲ್ಲ ಈ ಹೆಂಗಸು ಅನ್ನಿಸಿತು. ಇದನ್ನು ಶುರು ಮಾಡಿದ್ದು ನನ್ನ ಅಮ್ಮ, ಇದೇ ಅಡುಗೆಮನೆಯಲ್ಲಿ, ಬೇಕಾದರೆ ಬರೆದುಕೊಳ್ಳಿ ಎಂದು ನಾನೇ ಹೋಗಿ ಹೇಳಿದೆ.

ಅವರು ನೋಟ್ ಪುಸ್ತಕ ತೆರೆದು ಕೇಳತೊಡಗಿದರು. ಯಾವ ವರ್ಷ? ಹೇಳಿದೆ. ಯಾವ ದಿನ? ಹೇಳಿದೆ, ಬುಧವಾರ. ಆಗ ಎಷ್ಟು ಜನ ಉಣ್ಣುತ್ತಿದ್ದರು? ನಾನ್ನೂರು. ಸರಿ, ಯಾಕೆ ಶುರು ಮಾಡಿದರು? ಅಲ್ಲಿ ನನ್ನ ಬಾಯಿ ಕಟ್ಟಿತು. ಪಟಾಕಿಯ ಬಾಯಿ ಕಟ್ಟುವುದು ಎಂದರೆ ಸಾಮಾನ್ಯವಲ್ಲ, ಪಾತ್ರೆ ತೊಳೆಯುತ್ತಿದ್ದವಳು ಕೂಡ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. ಮೇಡಂ ಹಿಂದಿನ ಪುಟ ತಿರುವಿ, ಚಿಕ್ಕ ಯಜಮಾನರು ಬೇರೆ ಕಥೆ ಹೇಳಿದ್ದಾರೆ ಎಂದರು. ಅವರ ಅಜ್ಜ ಕೆಲಸಗಾರರನ್ನು ಅತಿಥಿಗಳೆಂದು ಭಾವಿಸಿ, ನಮ್ಮ ಉಪ್ಪು ನಿಮ್ಮ ಅನ್ನದ ಮೇಲೆ ಎಂಬ ಗುರುತಿಗೆ ತಮ್ಮ ಹೆಬ್ಬೆಟ್ಟನ್ನೇ ಒತ್ತಿ ಈ ಪದ್ಧತಿ ಆರಂಭಿಸಿದರಂತೆ.

"ಅವರ ಕಥೆಯಲ್ಲಿ ಒಂದು ಕಾರಣ ಇದೆ. ನಿಮ್ಮದರಲ್ಲಿ ಬರೀ ಒಂದು ಹೆಸರಿದೆ. ಕಾರಣ ಇಲ್ಲದೆ ನಾನು ಹೇಗೆ ಬರೀಲಿ, ನೀವೇ ಹೇಳಿ."

ಕಾರಣ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ನಿಮಗೆ ಹೇಳುತ್ತೇನೆ, ಈಗ ಹೇಳಬಹುದು.

ನನಗೆ ಹತ್ತು ವರ್ಷವಿದ್ದಾಗ ಅಮ್ಮನಿಗೆ ಕೆಟ್ಟ ಜ್ವರ ಬಂತು. ಇಪ್ಪತ್ತು ದಿನ ಮಲಗಿದಳು. ಎದ್ದ ಮೇಲೆ ಕಾಲಿಗೆ ಬಲ ಬಂತು, ಉದುರಿದ ಕೂದಲು ಬಂತು, ನಾಲಿಗೆಗೆ ರುಚಿ ಮಾತ್ರ ವಾಪಸು ಬರಲಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ಎಲ್ಲ ಒಂದೇ ಆಯಿತು. ಮೂಗೂ ಅಷ್ಟೇ, ಸೀದ ವಾಸನೆಯೂ ತಿಳಿಯದು. ಅಪ್ಪ ಅದಕ್ಕೂ ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ನಾನು, ನನ್ನ ತಮ್ಮ, ಅಮ್ಮನ ಕೆಲಸ, ಇಷ್ಟೇ ಆ ಮನೆಯಲ್ಲಿದ್ದದ್ದು. ರುಚಿ ತಿಳಿಯದ ಅಡುಗೆಯವಳನ್ನು ಇಟ್ಟುಕೊಳ್ಳುವುದೂ ಒಂದೇ, ಕಣ್ಣು ಕಾಣದ ಡ್ರೈವರನ್ನು ಇಟ್ಟುಕೊಳ್ಳುವುದೂ ಒಂದೇ. ಅಮ್ಮ ಯಾರಿಗೂ ಹೇಳದೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು.

ಮೊದಲ ಎರಡು ದಿನ ಕೈಯ ಅಭ್ಯಾಸವೇ ಕಾಪಾಡಿತು. ಮೂರನೆಯ ದಿನ, ಆ ಬುಧವಾರ, ಸೂಪಿಗೆ ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ತರಕಾರಿ ಗಾಡಿ ಬಂತೆಂದು ಹೊರಗೆ ಕರೆದರು. ಹೋಗಿ ತೂಕ ನೋಡಿ ಬಂದಳು. ಒಲೆಯ ಮುಂದೆ ನಿಂತರೆ, ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಿಲ್ಲ. ಬೇರೆ ಯಾವಳೇ ಆಗಿದ್ದರೂ ಸೌಟಿನ ತುದಿಯನ್ನು ಅಂಗೈಗೆ ತಟ್ಟಿ ನೆಕ್ಕಿ ನೋಡಿ ಮುಗಿಸುತ್ತಿದ್ದಳು. ಅಮ್ಮನೂ ನೆಕ್ಕಿದಳು. ಬಿಸಿ ಇದೆ ಎಂದಷ್ಟೇ ತಿಳಿಯಿತು. ಪಕ್ಕದವಳನ್ನು ಕೇಳಿದರೆ ಗುಟ್ಟು ರಟ್ಟು. ಸಪ್ಪೆಯಾದದ್ದನ್ನು ತಿದ್ದಬಹುದು, ಉಪ್ಪಾದದ್ದನ್ನು ತಿದ್ದಲಾಗದು ಎಂದು ಯೋಚಿಸಿ ಹಾಗೇ ಬಿಟ್ಟಳು. ಸೈರನ್ ಕೂಗಿತು, ಕುಲುಮೆಯವರು ಬಂದು ಕುಳಿತರು, ಮೊದಲ ಗುಟುಕಿಗೇ ಒಬ್ಬ ಚಮಚ ಕೆಳಗಿಟ್ಟ.

ಅಮ್ಮ ಉಪ್ಪಿನ ಡಬ್ಬಿ ಹಿಡಿದು ಸಾಲಿಗೆ ಇಳಿದಳು. ಕೈ ಒದ್ದೆಯಿತ್ತು. ಹೆಬ್ಬೆಟ್ಟನ್ನು ಉಪ್ಪಿಗೆ ಒತ್ತಿ ಅವನ ಬ್ರೆಡ್ಡಿನ ಮೇಲೆ ಒತ್ತಿದಳು. ಬೆಂಕಿಯ ಮುಂದೆ ಬೇಯುವವರಿಗೂ ಫ್ಯಾನಿನ ಕೆಳಗೆ ಕೂರುವವರಿಗೂ ಒಂದೇ ಅಳತೆಯ ಉಪ್ಪು ಹಾಕುವುದು ನ್ಯಾಯವಲ್ಲ, ಇನ್ನು ಮೇಲೆ ಅವರವರ ಉಪ್ಪು ಅವರವರ ಬ್ರೆಡ್ಡಿನ ಮೇಲೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನಿಂತ ನಿಲುವಿನಲ್ಲಿ ಹುಟ್ಟಿಸಿದ ಮಾತು. ಆದರೆ ನೋಡಿ, ಮಾತು ನಿಜವೇ ಆಗಿತ್ತು. ಚಮಚ ಕೆಳಗಿಟ್ಟವನು ಎರಡು ಬಟ್ಟಲು ಕುಡಿದ. ಮರುದಿನ ಎಲ್ಲರೂ ಬ್ರೆಡ್ಡು ಮುಂದೆ ಹಿಡಿದು ಕಾದಿದ್ದರು. ಒದ್ದೆ ಹೆಬ್ಬೆಟ್ಟಿಗೆ ಪ್ರತಿಸಲವೂ ಒಂದೇ ಅಳತೆಯ ಉಪ್ಪು ಹತ್ತುತ್ತದೆ, ಅದಕ್ಕೆ ನಾಲಿಗೆಯ ಸಾಕ್ಷಿ ಬೇಡ ಎಂದು ಅಮ್ಮನಿಗೆ ಅಂದೇ ಹೊಳೆದಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ಹದಿನೈದನೆಯ ವಯಸ್ಸಿನಲ್ಲಿ. ಒಂದು ಬೆಳಿಗ್ಗೆ ಅಮ್ಮ ಲೋಟದ ತುಂಬ ಹಾಲು ಕುಡಿದು ಇಟ್ಟಳು, ಅದೇ ಪಾತ್ರೆಯಿಂದ ನಾನು ಒಂದು ಗುಟುಕು ಕುಡಿದು ಉಗುಳಿದೆ. ಹಾಲು ಹುಳಿಯಾಗಿತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಆವತ್ತು ಎಲ್ಲ ಹೇಳಿ, ತಾನಿರುವ ತನಕ ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಳು. ಇಪ್ಪತ್ತನೆಯ ವಯಸ್ಸಿಗೆ ನಾನೂ ಕ್ಯಾಂಟೀನು ಸೇರಿದೆ. ಅವಳು ನಿವೃತ್ತಿಯಾಗುವ ತನಕ, ಒಟ್ಟು ಇಪ್ಪತ್ತನಾಲ್ಕು ವರ್ಷ, ದಿನಕ್ಕೆ ನಾನ್ನೂರು ಜನಕ್ಕೆ ರುಚಿ ನೋಡದೆ ಅಡುಗೆ ಮಾಡಿದಳು ನನ್ನ ಅಮ್ಮ. ಈ ಊರಿನಲ್ಲಿ ಅಷ್ಟು ದೊಡ್ಡ ಅಡುಗೆಯವಳು ಇನ್ನೊಬ್ಬಳು ಹುಟ್ಟಿಲ್ಲ. ಹೆಮ್ಮೆಯಿಂದ ಎದೆ ಒಡೆಯುವಂಥ ಆ ವಿಷಯವನ್ನೇ ನಾನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಬೇಕಾಗಿತ್ತು.

ಮೇಡಂ ಹೋದ ಸಂಜೆ ನಾನು ನೇರ ಅಮ್ಮನ ಕೋಣೆಗೆ ಹೋದೆ. ಎಂಬತ್ತೆರಡು ವರ್ಷ ಅವಳಿಗೆ, ಇವತ್ತಿಗೂ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ. ನಡೆದದ್ದನ್ನು ಹೇಳಿ, ಮಾತಿನಿಂದ ನನ್ನನ್ನು ಬಿಡಿಸು ಎಂದು ಕೇಳಿದೆ. ಕೆಲಸ ಹೋಗುವ ಭಯ ಈಗಿಲ್ಲ, ಪಿಂಚಣಿ ಯಾರೂ ಕಿತ್ತುಕೊಳ್ಳುವುದಿಲ್ಲ, ನಿನ್ನ ಹೆಸರು ಪುಸ್ತಕದಲ್ಲಿ ಬರಲಿ ಎಂದೆ. ಅವಳು ಪತ್ರಿಕೆ ಮಡಿಸಿ ಇಟ್ಟಳು.

"ಹೆಸರು ಯಾರಿಗೆ ಬೇಕೇ? ಈ ಊರಲ್ಲಿ ಮುದುಕರಾದವರೆಲ್ಲ ನನ್ನ ಕೈರುಚಿ ಅಂತ ಉಂಡಿದಾರೆ. ರುಚಿನೇ ಗೊತ್ತಿಲ್ದೋಳ ಕೈ ಅಂತ ಈಗ ಗೊತ್ತಾದ್ರೆ, ಆವತ್ತು ಉಂಡಿದ್ದೆಲ್ಲ ಅವರಿಗೆ ಇವತ್ತು ಸಪ್ಪೆ ಆಗತ್ತೆ. ಅದು ಬೇಡ."

ನಾನು ಕೂಗಾಡಿದೆ. ನಿನ್ನ ಹೆಬ್ಬೆಟ್ಟನ್ನು ಯಾರೋ ಕದ್ದು ತಮ್ಮ ಅಜ್ಜನ ಕೈಗೆ ಅಂಟಿಸುತ್ತಿದ್ದಾರೆ, ನೀನು ನೋಡುತ್ತ ಕೂರುತ್ತೀಯಾ ಎಂದು ಕೇಳಿದೆ. ಅಂಟಿಸಿಕೊಳ್ಳಲಿ, ಆ ಮುದುಕನ ಹೆಬ್ಬೆಟ್ಟಿನಲ್ಲಿ ಸಂಧಿವಾತ ಇತ್ತು, ಒಂದು ಬ್ರೆಡ್ಡಿಗೆ ಒತ್ತುವಷ್ಟರಲ್ಲಿ ಅಯ್ಯೋ ಅನ್ನುತ್ತಿದ್ದ ಎಂದು ನಕ್ಕಳು. ಮಾತಿಗೆ ಮಾತ್ರ ಬಗ್ಗಲಿಲ್ಲ. ನನ್ನ ಹಟ ಎಲ್ಲಿಂದ ಬಂತೆಂದು ಕೇಳುವವರಿಗೆ ನಾನು ಅವಳನ್ನು ತೋರಿಸುತ್ತೇನೆ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕ್ಯಾಂಟೀನಿನಲ್ಲೇ ಒಂದು ಸಮಾರಂಭ ಇಟ್ಟರು. ಊಟದ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು, ಬಡಿಸುವ ಕಟ್ಟೆಯ ಮುಂದೆ ಮೈಕು ನಿಲ್ಲಿಸಿದ್ದರು. ನಿವೃತ್ತರಾದವರನ್ನೆಲ್ಲ ಕರೆದಿದ್ದರು, ಅಮ್ಮನನ್ನೂ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಪಕ್ಕದಲ್ಲಿ ಕುಲುಮೆ ಮಾವ ಕುಳಿತಿದ್ದ. ಮೂವತ್ತು ವರ್ಷ ಗಾಜು ಊದಿ ಊದಿ ಕೆನ್ನೆ ಜೋತುಬಿದ್ದ ಮನುಷ್ಯ, ಜೀವಮಾನವೆಲ್ಲ ಎರಡು ಹೆಬ್ಬೆಟ್ಟಿನ ಗಿರಾಕಿ. ಅವನು ಕಣ್ಣರಳಿಸಿಕೊಂಡು ಅಮ್ಮನಿಗೆ ಹಳೆಯ ಊಟಗಳ ಲೆಕ್ಕ ಒಪ್ಪಿಸುತ್ತಿದ್ದ.

ಚಿಕ್ಕ ಯಜಮಾನರು ಮಾತಿಗೆ ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ತಂದೆ ಹೇಳಿದ್ದನ್ನು ನಂಬಿದವರು, ಹೇಳುವಾಗ ಕಣ್ಣಲ್ಲಿ ನೀರೂ ತಂದುಕೊಂಡರು. ಅಜ್ಜ ಹೀಗೆ ಸಾಲಿನಲ್ಲಿ ನಡೆದರು, ಹೀಗೆ ಹೆಬ್ಬೆಟ್ಟು ಒತ್ತಿದರು ಎಂದು ಕೈ ಮಾಡಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಅಮ್ಮನನ್ನೇ ನೋಡುತ್ತಿದ್ದೆ, ಅವಳು ಶಾಲಿನ ಅಂಚು ಸರಿ ಮಾಡಿಕೊಳ್ಳುತ್ತ ಕೂತಿದ್ದಳು. ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು. ಅದಕ್ಕೂ ಮೊದಲು ಈ ಕ್ಯಾಂಟೀನಿನ ಸೂಪು ಬಾಯಿಗಿಡಲಾಗದಷ್ಟು ಉಪ್ಪಾಗಿರುತ್ತಿತ್ತಂತೆ, ಅಡುಗೆಯವರಿಗೆ ಅಳತೆ ಗೊತ್ತಿರಲಿಲ್ಲವಂತೆ, ಕೆಲಸಗಾರರು ಬಟ್ಟಲು ಚೆಲ್ಲಿ ಹೋಗುತ್ತಿದ್ದರಂತೆ. ಅದನ್ನು ನೋಡಲಾರದೆ ಅಜ್ಜ ಉಪ್ಪಿನ ಡಬ್ಬಿಯನ್ನು ಅಡುಗೆಮನೆಯಿಂದ ಕಿತ್ತುಕೊಂಡರಂತೆ.

ಅಮ್ಮ ಎದ್ದು ನಿಂತಳು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಮೈಕಿನ ಹತ್ತಿರ ನಡೆದಳು. ನಾನು ಹಿಡಿಯಲು ಹೋದೆ, ಕೈ ಕೊಡವಿದಳು.

"ಹೆಸರು ಯಾರದ್ದಾದ್ರೂ ಹಾಕ್ಕೊಳಿ ಸ್ವಾಮಿ. ನನ್ನ ಕೈಗೆ ಅಳತೆ ಇರ್ಲಿಲ್ಲ ಅನ್ಬೇಡಿ. ಆಗಲೂ ಇಲ್ಲಿ ಅಡುಗೆ ಮಾಡ್ತಿದ್ದೋಳು ನಾನೇ. ಈ ಕ್ಯಾಂಟೀನಿನ ಸೂಪು ಒಂದು ದಿನಕ್ಕೂ ಉಪ್ಪಾಗಿರ್ಲಿಲ್ಲ. ಸಪ್ಪೆ ಆಗಿತ್ತು, ಒಂದೇ ಒಂದು ದಿನ. ಯಾಕೆ ಅಂತಾನೂ ಹೇಳ್ತೀನಿ. ನನಗೆ ರುಚಿ ಗೊತ್ತಾಗಲ್ಲ. ಗೊತ್ತಾಗದೆ ನಲವತ್ತಾರು ವರ್ಷ ಆಯ್ತು."

ಅಲ್ಲಿಂದ ಎಲ್ಲ ಹೇಳಿದಳು. ಜ್ವರ, ತರಕಾರಿ ಗಾಡಿ, ಕೆಳಗಿಟ್ಟ ಚಮಚ, ಒದ್ದೆ ಕೈ. ನನ್ನಿಂದ ನಲವತ್ತು ವರ್ಷದ ಹಿಂದೆ ಮಾತು ತೆಗೆದುಕೊಂಡವಳು ಒಂದು ಅಕ್ಷರವನ್ನೂ ಬಿಡಲಿಲ್ಲ. ಅಳಲಿಲ್ಲ, ಕ್ಷಮೆ ಕೇಳಲಿಲ್ಲ, ಅಡುಗೆಯ ವಿಧಾನ ಹೇಳಿಕೊಟ್ಟ ಹಾಗೆ ಒಂದೊಂದೇ ಹೇಳಿ ಮುಗಿಸಿದಳು. ಅವಳು ಹೆದರಿದ್ದು ಇದಕ್ಕೇ ತಾನೆ, ಉಂಡವರು ಈಗ ಮುಖ ತಿರುಗಿಸಿದರೆ ಏನು ಗತಿ ಎಂದು ನಾನು ಅಲ್ಲಿ ಕುಳಿತಿದ್ದ ಇನ್ನೂರು ಜನರ ಮುಖ ನೋಡುತ್ತ ಹೋದೆ.

ಮೊದಲು ಬಾಯಿ ಬಿಟ್ಟವನು ಕುಲುಮೆ ಮಾವ. ಸಿಟ್ಟೇ ಬಂದಿತ್ತು ಅವನಿಗೆ.

"ಅಲ್ಲಕ್ಕಾ, ಅಷ್ಟು ವರ್ಷ ದಿನಾ ಹೊಗಳಿ ಹೊಗಳಿ ಉಂಡೆನಲ್ಲ, ನಿಂಗೆ ಅದು ಹೇಗಿದೆ ಅಂತ ಗೊತ್ತೇ ಇರ್ಲಿಲ್ವಾ?"

"ಹೊಗಳಿದ್ದು ಕೇಳಿಸ್ತಿತ್ತಪ್ಪ. ಕಿವಿ ಸರಿಯಾಗಿತ್ತು."

ಅವನೇ ಮೊದಲು ನಕ್ಕ, ಆಮೇಲೆ ಹಿಂದಿನ ಸಾಲಿನವರೆಲ್ಲ. ಚಿಕ್ಕ ಯಜಮಾನರ ಮುಖ ಕೆಂಪಗಾಗಿತ್ತು. ನಾಲಿಗೆ ಇಲ್ಲದೆ ನಾನ್ನೂರು ಜನಕ್ಕೆ ಅಡುಗೆ ಮಾಡುವುದು ಸಾಧ್ಯವೇ, ಅಜ್ಜಿಗೆ ವಯಸ್ಸಾಗಿದೆ ಎಂದು ಮೇಡಂ ಕಡೆ ತಿರುಗಿ ಮೆಲ್ಲಗೆ ಹೇಳಿದರು. ಮೈಕು ಇನ್ನೂ ಹತ್ತಿಕೊಂಡೇ ಇತ್ತು, ಎಲ್ಲರಿಗೂ ಕೇಳಿಸಿತು. ಅಮ್ಮ ಕಟ್ಟೆಯ ಪಕ್ಕದ ಅಡ್ಡಬಾಗಿಲು ಎತ್ತಿ ಅಡುಗೆಮನೆಗೆ ನಡೆದಳು, ಹತ್ತು ಜನಕ್ಕಾಗುವ ಪಾತ್ರೆ ಇಳಿಸು ಎಂದು ನನಗೆ ಹೇಳಿದಳು. ಸಭೆಯೆಲ್ಲ ಕಟ್ಟೆಯ ಮುಂದೆ ಬಂದು ಮುತ್ತಿಕೊಂಡಿತು.

ಇಪ್ಪತ್ತೆರಡು ವರ್ಷದ ಮೇಲೆ ಅವಳು ಆ ಒಲೆಯ ಮುಂದೆ ನಿಂತದ್ದು. ಎಣ್ಣೆಗೆ ಈರುಳ್ಳಿ ಹಾಕಿ ಕಣ್ಣು ಮುಚ್ಚಿ ಕಿವಿ ಕೊಟ್ಟಳು. ಈರುಳ್ಳಿಯಲ್ಲಿ ನೀರಿರುವ ತನಕ ಒಂದು ಶಬ್ದ, ನೀರು ಆರಿದ ಮೇಲೆ ಇನ್ನೊಂದು. ಆ ಎರಡನೆಯ ಶಬ್ದ ಬಂದ ಕೂಡಲೇ ಬೆಳ್ಳುಳ್ಳಿ ಹಾಕಿದಳು, ಒಂದು ಹೋಳೂ ಕಪ್ಪಾಗಲಿಲ್ಲ. ಬೇಳೆ ಬೆಂದದ್ದನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದಳು. ಕ್ಯಾರೆಟ್ಟನ್ನು ಸೌಟಿನ ಬೆನ್ನಿನಿಂದ ಒತ್ತಿ ನೋಡಿದಳು. ಸೂಪು ಎಷ್ಟು ಗಟ್ಟಿಯಾಯಿತೆಂದು ತಿಳಿಯಲು ಸೌಟನ್ನು ನಿಧಾನವಾಗಿ ಎಳೆದು, ಅದರ ಹಿಂದೆ ಬಿದ್ದ ಗೆರೆ ಮುಚ್ಚುವ ತನಕ ತುಟಿಯಲ್ಲೇ ಎಣಿಸಿದಳು. ಮೆಣಸಿನ ಪುಡಿಯನ್ನು ಚಿಟಿಕೆ ಲೆಕ್ಕದಲ್ಲಿ ಹಾಕಿದಳು. ಪ್ರೊಫೆಸರ್ ಮೇಡಂ ಕಟ್ಟೆಯ ಒಳಗೇ ಬಂದು ನಿಂತಿದ್ದರು, ಎಣಿಸಿದ್ದೆಷ್ಟು ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ಇವೆಲ್ಲ ನಾನೂ ಮಾಡುತ್ತೇನೆ. ಅವಳಿಂದಲೇ ಕಲಿತದ್ದು. ಆದರೆ ನನಗೆ ಕೊನೆಯಲ್ಲಿ ನಾಲಿಗೆ ಇದೆ, ಅವಳಿಗೆ ಇಷ್ಟೇ ಇತ್ತು, ಇಷ್ಟರಲ್ಲೇ ಎಲ್ಲವನ್ನೂ ಮಾಡಿದಳು. ಆ ಹೊತ್ತಿನಲ್ಲಿ ನನ್ನ ಅಮ್ಮನ ಪಕ್ಕದಲ್ಲಿ ಪಾತ್ರೆ ಹಿಡಿದು ನಿಂತಿದ್ದಕ್ಕಿಂತ ದೊಡ್ಡ ಮರ್ಯಾದೆ ನನಗೆ ಬದುಕಿನಲ್ಲಿ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ.

ಸೂಪು ಆಯಿತು. ಚಿಕ್ಕ ಯಜಮಾನರು ಮೊದಲು ಬಟ್ಟಲು ಚಾಚಿದರು. ಅಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸಾಲಿನಲ್ಲಿ ಬಾಪ್ಪ ಎಂದಳು. ಅವರು ಬಟ್ಟಲು ಹಿಂದಕ್ಕೆ ತೆಗೆದುಕೊಂಡು, ಕುಲುಮೆ ಮಾವನ ಹಿಂದೆ ಹೋಗಿ ನಿಂತುಕೊಂಡರು. ಅದಕ್ಕೆ ಅವರನ್ನು ನಾನು ಮೆಚ್ಚುತ್ತೇನೆ. ತಮ್ಮ ಸರದಿ ಬಂದಾಗ ಎರಡು ಕೈಯಲ್ಲಿ ಬ್ರೆಡ್ಡು ಹಿಡಿದು, ಅಪ್ಪ ಹೇಳಿದ್ದನ್ನೇ ನಂಬಿದ್ದೆ ಅಜ್ಜಿ, ತಪ್ಪಾಯಿತು ಎಂದರು. ಅಮ್ಮ ಹೆಬ್ಬೆಟ್ಟು ಅದ್ದಿ ಒತ್ತಿದಳು. ಭಾಷಣ ಮಾಡಿ ಬೆವರಿದ್ದೀಯ ಎಂದು ಇನ್ನೊಂದನ್ನೂ ಒತ್ತಿದಳು.

ಕುಲುಮೆ ಮಾವ ಗೋಡೆಗೆ ಒರಗಿ ನಿಂತೇ ತಿಂದ. ನಿವೃತ್ತರಾದವರೆಲ್ಲ ಒಂದೊಂದು ತುಂಡು ಹರಿದುಕೊಂಡು ಅವನ ಬಟ್ಟಲಿಗೇ ಕೈ ಹಾಕಿದರು, ಅವನು ಬೈಯುತ್ತಲೇ ಬಟ್ಟಲು ಮುಂದೆ ಹಿಡಿದ. ಅದೇ, ಅದೇ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಯಾರಿಗೂ ಏನೂ ಸಪ್ಪೆ ಆಗಲಿಲ್ಲ.

ನನಗೆ ಕೊನೆಯ ಬಟ್ಟಲು ಬಂತು. ಬ್ರೆಡ್ಡನ್ನು ಅದ್ದಿ ಬಾಯಿಗಿಟ್ಟೆ. ಅಮ್ಮ ಸೌಟು ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಜಗತ್ತಿನಲ್ಲಿ ಅಡುಗೆ ಮಾಡುವ ಹೆಂಗಸರೆಲ್ಲ ಬಡಿಸಿದ ಮೇಲೆ ಕೇಳುವ ಒಂದು ಮಾತಿದೆ. ಅಮ್ಮ ಅದನ್ನು ಯಾರಿಗೂ ಕೇಳಿದವಳಲ್ಲ, ಮನೆಯಲ್ಲಿ ನನಗೂ ನನ್ನ ತಮ್ಮನಿಗೂ ಕೂಡ. ಕೇಳಿದರೆ ತನಗೆ ತಿಳಿಯದೆಂದು ತಾನೇ ಒಪ್ಪಿಕೊಂಡ ಹಾಗೆ ಎಂಬ ಅಂಜಿಕೆ.

"ಹೇಗಿದೆಯೇ?" ಎಂದು ಕೇಳಿದಳು.

ನನ್ನ ಕಣ್ಣು ತುಂಬಿತು. ಅಮೃತದ ಹಾಗಿದೆ ಎನ್ನಬಹುದಿತ್ತು, ಅಷ್ಟು ಜನರ ಮುಂದೆ ಅದೇ ಚಂದವೂ ಆಗಿತ್ತು. ಆದರೆ ಅವಳು ಮೊದಲ ಸಲ ಕೇಳಿದ್ದಳು. ಅಡುಗೆಯವಳು ಅಡುಗೆಯವಳನ್ನು ಕೇಳಿದ ಹಾಗೆ ಕೇಳಿದ್ದಳು. ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಬಹಳ ಚೆನ್ನಾಗಿದೆ. ಮೆಣಸು ಒಂದು ಚೂರು ಮುಂದಾಗಿದೆ."

"ಇವತ್ತಾ?"

"ಯಾವತ್ತೂ."

ಕಟ್ಟೆಯ ಆಚೆ ಯಾರೋ ಉಸಿರು ಎಳೆದುಕೊಂಡರು. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು.

"ಅಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ರೆ ತಾನೆ."

ಅವಳು ಪಾತ್ರೆಯೊಳಗೆ ಒಮ್ಮೆ ಇಣುಕಿದಳು. ಆಮೇಲೆ ಕೈ ಒರೆಸಿಕೊಂಡು, ಬೆನ್ನು ನೇರ ಮಾಡಿ, ಪ್ರೊಫೆಸರ್ ಮೇಡಂ ಕಡೆ ತಿರುಗಿದಳು.

"ಮೆಣಸು ಒಂದು ಚೂರು ಮುಂದಿರ್ತಿತ್ತು ಅಂತಾನೂ ಬರ್ಕೊಳಮ್ಮ. ನಾನು ಮಾಡ್ತಿದ್ದಿದ್ದು ಹಾಗೆ."